ವೇದಾ ಕೇಳಿದ ಕೋಳಿಯ ಹಾಡು

ಶೆಡ್ಡಿನ ಲೈಟು ಹತ್ತಿದ್ದೇ ತಡ, ಗಲಾಟೆ ಶುರು. ಹೊರಗಿನ್ನೂ ಮಸುಕು ಮಸುಕು. ಪುಟ್ಟೇನಹಳ್ಳಿ ಕೆರೆ ಕಡೆಯಿಂದ ಬರುವ ಗಾಳಿ ತಣ್ಣಗಿದೆ. ಚೂಡಿದಾರದ ಮೇಲೆ ನೀಲಿ ಕೋಟು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ದಪ್ಪನೆಯ ಹೆಡ್‌ಫೋನ್ ಏರಿಸಿದ ವೇದಾ ಎರಡು ಸಾಲು ಪಂಜರಗಳ ನಡುವೆ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಮಡಿಲಲ್ಲಿ ಟ್ಯಾಬು. ಇನ್ನು ಬಿಸಿಲೇರುವವರೆಗೆ ಅವರ ಕೆಲಸ ಒಂದೇ. ಕೋಳಿಗಳು ಏನು ಹೇಳುತ್ತಿವೆ ಅಂತ ಕೇಳೋದು.

ನಗಬೇಡಿ. ಇದು ಸಂಬಳದ ಕೆಲಸ. ಯಲಹಂಕದ ಆಚೆಗಿರುವ ಈ ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಮೊಟ್ಟೆ ಕೋಳಿಗಳ ನಡವಳಿಕೆಯ ಬಗ್ಗೆ ಅಧ್ಯಯನ ನಡೆಯುತ್ತಿದೆ. ಪಂಜರದಲ್ಲಿರುವ ಕೋಳಿಗೆ ಏನು ಬೇಕು, ಅದು ಸಿಗದೇ ಹೋದರೆ ಏನು ಮಾಡುತ್ತೆ ಅನ್ನೋದೇ ವಿಷಯ. ಬಲಗಡೆಯ ಸಾಲಿನಲ್ಲಿ ಪ್ರತಿ ಪಂಜರದ ಮೂಲೆಗೂ ಒಂದು ಗೂಡಿದೆ. ಕೆಳಗೆ ಮೆತ್ತನೆಯ ಹಾಸು, ಮುಂದೆ ರಬ್ಬರಿನ ಪರದೆ, ಒಳಗೆ ಕತ್ತಲು. ಎಡಗಡೆಯ ಸಾಲಿನಲ್ಲಿ ಏನೂ ಇಲ್ಲ, ಬರೀ ತಂತಿ. ನಮ್ಮ ನಿಮ್ಮ ಅಡುಗೆಮನೆಗೆ ಬರುವ ಬಹುಪಾಲು ಮೊಟ್ಟೆ ಇಂಥ ಬರೀ ತಂತಿಯ ಮೇಲಿಂದಲೇ ಉರುಳಿ ಬರುತ್ತೆ.

ಎಡಗಡೆ ಒಂದು ಬಿಳಿ ಕೋಳಿಗೆ ಮೊಟ್ಟೆ ಬಂದಿದೆ. ಅದು ನಿಂತಲ್ಲಿ ನಿಲ್ಲುತ್ತಿಲ್ಲ. ಜೊತೆಯವುಗಳನ್ನು ತುಳಿದುಕೊಂಡು ಮೂಲೆಗೆ ಹೋಗಿ ತಲೆ ತುರುಕುತ್ತೆ, ಅಲ್ಲೂ ತಂತಿ. ಕೂರೋಕೆ ನೋಡುತ್ತೆ, ಏಳುತ್ತೆ, ಮತ್ತೆ ಆ ಮೂಲೆಯಿಂದ ಈ ಮೂಲೆಗೆ. ಕೊನೆಗೆ ಕತ್ತು ಉದ್ದ ಮಾಡಿ ಒಂದು ದನಿ ತೆಗೆಯುತ್ತೆ. ಕಾಳು ಕಂಡಾಗಿನ ಕೊಕ್ಕೊಕ್ಕೋ ಅಲ್ಲ ಅದು. ಎಳೆದೆಳೆದು, ರಾಗವಾಗಿ, ಕೊನೆಯಲ್ಲಿ ನಡುಗುತ್ತಾ ಇಳಿಯುವ ದನಿ. ವೇದಾ ಟ್ಯಾಬಿನ ಮೇಲೆ ಬೆರಳು ತರುತ್ತಾರೆ. ಆ ದನಿಗೆ ಅಲ್ಲಿರುವ ಹೆಸರು ‘ಹಾಡು’. ಒತ್ತುವುದಿಲ್ಲ, ಬೆರಳು ಹಿಂದೆ ತೆಗೆಯುತ್ತಾರೆ.

“ಆ ಹೆಸರು ಇಟ್ಟೋಳು ನಾನೇ ಕಣ್ರೀ. ನನ್ನ ಕೈ ಸೇದ್ಹೋಗ!” ಅನ್ನುತ್ತಾರೆ.

ಅವರ ಸಿಟ್ಟಿಗೆ ಕಾರಣ ಇದೆ. ಈ ಅಧ್ಯಯನಕ್ಕೆ ದುಡ್ಡು ಹಾಕಿರುವುದು ಒಂದು ಮೊಟ್ಟೆ ಕಂಪನಿ. ಗೂಡಿಲ್ಲದ ಸಾಲಿನಲ್ಲೇ ಕೋಳಿ ಹೆಚ್ಚು ‘ಹಾಡುತ್ತೆ’ ಅಂತ ಲೆಕ್ಕ ಬಂದದ್ದೇ ಬಂದದ್ದು, ಕಂಪನಿಯವರು ಕುಣಿದಾಡಿಬಿಟ್ಟರು. ಹಾಡುತ್ತೆ ಅಂದಮೇಲೆ ಖುಷಿಯಾಗಿದೆ. ಖುಷಿಯಾಗಿದೆ ಅಂದಮೇಲೆ ಗೂಡು ಯಾಕೆ? ಊರಾಚೆ ಎದ್ದೇಳುತ್ತಿರುವ ಅವರ ಹೊಸ ಫಾರಂನ ನಕ್ಷೆಯಿಂದ ಗೂಡು ಹಾರಿಹೋಗಿದೆ. ಇಲ್ಲಿ ಬಲಗಡೆ ಸಾಲಿನಲ್ಲಿರುವ ಗೂಡುಗಳನ್ನೂ ಬಿಚ್ಚಿ ಅಂತ ಹೇಳಿಕಳಿಸಿದ್ದಾರೆ. ವೇದಾ ಈಗ ಹೋರಾಡುತ್ತಿರೋದು ಇದೊಂದಕ್ಕೇ. ತಾವು ಕೊಟ್ಟ ಪದವನ್ನು ವಾಪಸ್ ತೆಗೆದುಕೊಳ್ಳಬೇಕು, ಗೂಡು ಉಳಿಸಬೇಕು.

ವೇದಾ ಸಂಜಯನಗರದವರು. ಹಳೇ ಬಡಾವಣೆಯ ಮಹಡಿ ಮನೆ, ಗಂಡ, ಅತ್ತೆ. ಕೋಳಿ ಅನ್ನೋ ಪ್ರಾಣಿಯನ್ನು ಹತ್ತಿರದಿಂದ ನೋಡಿದ್ದೇ ಇಲ್ಲಿಗೆ ಬಂದಮೇಲೆ. ಮೊದಲು ಆರ್.ಟಿ. ನಗರದ ಒಂದು ಆಫೀಸಿನಲ್ಲಿ ಕೂತು, ಪರದೇಶದ ಡಾಕ್ಟರುಗಳು ಗೊಣಗಿದ್ದನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದರು. ಬಾಯಲ್ಲಿ ಪಾನ್ ಇಟ್ಟುಕೊಂಡಂತೆ ಮಾತಾಡುವ ಎಂಥಾ ಡಾಕ್ಟರಾದರೂ ವೇದಾ ಕಿವಿಗೆ ಸಿಕ್ಕಿಬೀಳುತ್ತಿದ್ದ. ಆಮೇಲೆ ಆ ಕೆಲಸವನ್ನು ಕಂಪ್ಯೂಟರೇ ಮಾಡತೊಡಗಿತು, ಆಫೀಸಿಗೆ ಬೀಗ ಬಿತ್ತು. “ಕಿವಿ ಚುರುಕಾಗಿರೋರು ಬೇಕು” ಅಂತ ಈ ಕೇಂದ್ರದವರು ಕರೆದಾಗ ಸರಿ ಅಂದರು. ಕೇಳಬೇಕಾದ್ದು ಕೋಳಿಯನ್ನ ಅಂತ ಗೊತ್ತಾಗಿದ್ದು ಬಂದು ಕೂತಮೇಲೆ.

ಮನೆಯಲ್ಲಿ ಅತ್ತೆ ತುಂಗಮ್ಮ ಈಗಲೂ ಸ್ನಾನ ಮಾಡದೆ ಅಡುಗೆಮನೆಗೆ ಬಿಡುವುದಿಲ್ಲ. “ನಮ್ಮನೇಲಿ ಮೊಟ್ಟೆ ಹೆಸರೇ ಎತ್ತಲ್ಲ, ಇವಳು ಕೋಳಿ ಜೊತೆ ಹರಟೆ ಹೊಡ್ಕೊಂಡ್ ಬರ್ತಾಳೆ” ಅಂತ ನೆಂಟರ ಮುಂದೆ ಛೇಡಿಸುತ್ತಾರೆ. ಬೆಳಕು ಹರಿಯುವ ಮುಂಚೆ ಸೊಸೆ ಮನೆ ಬಿಟ್ಟು, ಹೆಬ್ಬಾಳದಲ್ಲಿ ಬಸ್ ಬದಲಾಯಿಸಿ ಹೋಗುವಾಗ ಫ್ಲಾಸ್ಕಿಗೆ ಕಾಫಿ ಸುರಿದು ಕೈಗಿಡುವವರೂ ಅವರೇ.

ಕೆಲಸ ಸುಲಭದ್ದಲ್ಲ. ಕೋಳಿ ಮೊಟ್ಟೆ ಇಡೋದು ಹೆಚ್ಚಾಗಿ ಬೆಳಗಿನ ಹೊತ್ತು, ಆಗ ಶೆಡ್ಡಿನಲ್ಲಿ ಕೂತೇ ಕೇಳಬೇಕು. ಅಮೋನಿಯಾದ ಘಾಟಿಗೆ ಕಣ್ಣು ಉರಿಯುತ್ತೆ. ಪಂಜರಗಳ ಮೇಲೆ ಮೈಕು ತೂಗುಬಿಟ್ಟಿದ್ದಾರೆ, ಮಧ್ಯಾಹ್ನ ಅದರ ರೆಕಾರ್ಡಿಂಗನ್ನು ಮತ್ತೆ ಮೊದಲಿಂದ ಕೇಳಬೇಕು. ಯಲಹಂಕದ ವಾಯುನೆಲೆಯಿಂದ ಎದ್ದ ವಿಮಾನ ತಲೆ ಮೇಲೆ ಹೋದರೆ ಅಷ್ಟು ಭಾಗ ಹಾಳು. ಸಾವಿರಾರು ಕೂಗು ಕೇಳಿ, ಒಂದೊಂದಕ್ಕೂ ಹೆಸರು ಕೊಡಬೇಕು. ಆ ಹೆಸರುಗಳನ್ನು ಕಲಿತ ಕಂಪ್ಯೂಟರು ಆಮೇಲೆ ತಾನೇ ಎಣಿಸುತ್ತೆ. ಸಂಶೋಧನೆಯ ಪೇಪರಿನಲ್ಲಿ, ಪೋಸ್ಟರಿನಲ್ಲಿ ಎಲ್ಲೂ ವೇದಾ ಹೆಸರಿಲ್ಲ. ಕಾಂಟ್ರಾಕ್ಟಿನವರ ಹೆಸರು ಹಾಕೋದು ಪದ್ಧತಿ ಅಲ್ಲವಂತೆ.

ಹಾಗಾದರೆ ಆ ‘ಹಾಡು’ ಎಲ್ಲಿಂದ ಬಂತು? ಶೆಡ್ಡು ಗುಡಿಸಿ, ಮೇವು ಹಾಕಿ, ಮೊಟ್ಟೆ ಎತ್ತುವ ಮುನಿವೆಂಕಟಮ್ಮನ ಬಾಯಿಂದ. ಕೆರೆ ಹಿಂದಿನ ಹಳೇ ಊರಿನವರು ಈಕೆ. ಊರಿನ ಸುತ್ತ ಅಪಾರ್ಟ್‌ಮೆಂಟ್ ಎದ್ದಿದ್ದರೂ ಮಾತು ಇನ್ನೂ ಊರಿನದೇ, ‘ಹ’ ಅನ್ನೋ ಅಕ್ಷರದ ಗೊಡವೆಗೇ ಹೋಗುವುದಿಲ್ಲ. ಶುರುವಿನಲ್ಲಿ ವೇದಾ ಒಂದೊಂದು ಕೂಗನ್ನೂ ಇವರಿಗೆ ಕೇಳಿಸಿ, ಇದಕ್ಕೆ ಏನಂತೀರಿ ಅಂತ ಕೇಳುತ್ತಿದ್ದರು. ಹದ್ದು ಕಂಡಾಗಿನ ಕೂಗು, ಮರಿ ಕರೆಯುವ ಕೂಗು, ಮೊಟ್ಟೆ ಇಟ್ಟಾದ ಮೇಲಿನ ಕೂಗು, ಎಲ್ಲಕ್ಕೂ ಹೆಸರು ಸಿಕ್ಕಿತು. ಈ ಎಳೆದ ದನಿ ಬಂದಾಗ ಮುನಿವೆಂಕಟಮ್ಮ ಮೇವಿನ ಬುಟ್ಟಿ ಕೆಳಗಿಟ್ಟು, “ಪಾಪ, ಆಡ್ಕೊಂತಾವೆ ಕಣಮ್ಮ” ಅಂದರು.

ವೇದಾಗೆ ಅನುಮಾನ ಬಂತು. “ಆಡ್ಕೊಂತಾವೆ ಅಂದ್ರೆ ಆಟನಾ, ಹಾಡಾ?”

“ಆಟ ಎಲ್ಲಿಂದ ಬತ್ತದಮ್ಮ ಪಂಜರದಾಗೆ? ಆಡು, ಆಡು. ರಾಗ ತಗ್ದು ಆಡ್ಕೊಳಾದು.”

ವೇದಾ ಬಿಟ್ಟುಹೋದ ‘ಹ’ವನ್ನು ಮುತುವರ್ಜಿಯಿಂದ ಸೇರಿಸಿ ‘ಹಾಡು’ ಅಂತ ಬರೆದರು. “ಡಾಕ್ಟರುಗಳ ತಪ್ಪು ತಿದ್ದಿ ತಿದ್ದಿ ಅಭ್ಯಾಸ ನೋಡಿ. ಅಕ್ಷರ ಸರಿಮಾಡ್ದೆ, ಪಾಪ ಅಂದಿದ್ದನ್ನ ಕಿವಿ ಮೇಲೇ ಹಾಕ್ಕೊಳ್ಲಿಲ್ಲ” ಅನ್ನುತ್ತಾರೆ ಈಗ.

ಕಂಪ್ಯೂಟರು ಕಲಿಯಿತು, ಎಣಿಸಿತು, ಲೆಕ್ಕ ಕಂಪನಿಗೆ ಹೋಯಿತು. ನೋಡನೋಡುತ್ತಲೇ ಅಂಗಡಿಗಳಲ್ಲಿ ಹೊಸ ಮೊಟ್ಟೆ ಡಬ್ಬ. ಮೇಲೆ ಕಣ್ಣು ಮುಚ್ಚಿ ನಗುತ್ತಿರುವ ಕೋಳಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಹಾಡುವ ಕೋಳಿಯ ಮೊಟ್ಟೆ’. ವಿಜ್ಞಾನ ಖಾತ್ರಿಪಡಿಸಿದ್ದು ಅಂತ ಬೇರೆ. ಆ ಕಂಪನಿ ಯಾವುದು ಅಂತ ಇಲ್ಲಿ ಬರೆಯುವ ಹಾಗಿಲ್ಲ. ಬರೆದರೆ ಮೊದಲು ಬೀದಿಗೆ ಬೀಳುವುದು ವೇದಾ. ಆ ಡಬ್ಬ ನೋಡಿ ವೇದಾಗೂ ಮೊದಲು ಖುಷಿಯೇ ಆಗಿತ್ತು. ಮೊಟ್ಟೆ ಮುಟ್ಟದ ತುಂಗಮ್ಮನವರಿಗೆ ಫೋನಿನಲ್ಲಿ ಅದರ ಫೋಟೊ ತೋರಿಸಿ, “ನಾನಿಟ್ಟ ಹೆಸರು ಅತ್ತೆ” ಅಂದಿದ್ದರು.

ಆಮೇಲೆ ಮುನಿವೆಂಕಟಮ್ಮನ ಅಕ್ಕ ತೀರಿಕೊಂಡರು. ತಾಯಿ ಇಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಸುದ್ದಿ ತಿಳಿದು ವೇದಾ ಶೆಡ್ಡಿನಿಂದ ನೇರ ಆ ಮನೆಗೆ ಹೋದರು. ಬಾಗಿಲ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ತಲೆ ತಗ್ಗಿಸಿ ಕೂತ ಗಂಡಸರು. ಒಳಗಿನಿಂದ ಒಂದು ದನಿ ಬರುತ್ತಿತ್ತು. ಎಳೆದೆಳೆದು, ರಾಗವಾಗಿ, ಕೊನೆಯಲ್ಲಿ ನಡುಗುತ್ತಾ ಇಳಿಯುವ ದನಿ. ಹೆಣದ ಪಕ್ಕ ಕೂತ ಮುನಿವೆಂಕಟಮ್ಮ ಅಕ್ಕನ ಕೆನ್ನೆ ಸವರುತ್ತಾ ಒಂದೊಂದೇ ನೆನಪು ತೆಗೆದು ಅಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ವೇದಾಗೆ ಜಾಗ ಬಿಡುತ್ತಾ ಹೇಳಿದಳು: “ಬೆಳಗಿಂದ ಒಂದೇ ಸಮ ಆಡ್ಕೊಂತಾನೇ ಅವ್ಳೆ. ಒಂದ್ ತೊಟ್ಟು ನೀರೂ ಕುಡ್ದಿಲ್ಲ.”

ಸತ್ತವರ ಗುಣ ಹೇಳಿ ಹೇಳಿ ರಾಗ ತೆಗೆದು ಅಳುವುದಕ್ಕೆ ಆ ಊರಿನಲ್ಲಿ ಹಾಡಿಕೊಳ್ಳುವುದು ಅಂತಲೇ ಹೆಸರು. ಕನ್ನಡನಾಡಿನ ಎಷ್ಟೋ ಊರುಗಳಲ್ಲಿ ಹೀಗೇ ಹಾಡಿಕೊಂಡು ಅಳುತ್ತಾರೆ. ಲೇಔಟಿನಲ್ಲಿ ಬೆಳೆದ ವೇದಾಗೆ ಅದು ಗೊತ್ತಿರಲಿಲ್ಲ.

“ಅಲ್ಲಿ ನಿಂತು ನನಗೆ ಅವರಕ್ಕನ ಮುಖ ಕಾಣ್ಲಿಲ್ಲ ರೀ, ಆ ಡಬ್ಬ ಕಾಣಿಸ್ತು.” ಅನ್ನುತ್ತಾರೆ.

ಕಾರ್ಯ ಮುಗಿಸಿ ಮುನಿವೆಂಕಟಮ್ಮ ಕೆಲಸಕ್ಕೆ ಬಂದ ದಿನ ವೇದಾ ಅವರನ್ನು ಕೂರಿಸಿ ಎಲ್ಲ ಹೇಳಿದರು. ಆಕೆ ಮೊದಲು ನಂಬಲಿಲ್ಲ. ಡಬ್ಬದ ಫೋಟೊ ತೋರಿಸಿದಮೇಲೆ ಎದ್ದು ನಿಂತು, “ಥೂ ಇವ್ರ ಬಾಯಿಗೆ ಮಣ್ಣಾಕ! ಸಂಕಟಕ್ಕೆ ಬಡ್ಕೊಳಾದ್ನ ಆಡು ಅಂತ ಮಾರ್ಕೊಂತಾವ್ರಾ?” ಅಂದರು. ಆಮೇಲೆ ವೇದಾ ಕಡೆ ತಿರುಗಿ, “ನಿನ್ನೂ ಸೇರ್ಸೇ ಬೈತಿವ್ನಿ ಅಂದ್ಕೊ” ಅಂತಲೂ ಸೇರಿಸಿದರು.

ವೇದಾ ಯೋಜನೆಯ ಮುಖ್ಯಸ್ಥ ಡಾ. ನಿರಂಜನ್ ಅವರ ಕೋಣೆಗೆ ಹೋದರು. ನಿರಂಜನ್ ಪಶುವೈದ್ಯರು, ಮೊಟ್ಟೆ ಕೋಳಿಯ ನಡವಳಿಕೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ವೇದಾ ತಡವರಿಸುತ್ತಾ ತಪ್ಪೊಪ್ಪಿಕೊಂಡರೆ ಆತನ ಮುಖದಲ್ಲಿ ಆಶ್ಚರ್ಯವೇ ಇಲ್ಲ! “ಗೊತ್ತು ವೇದಾ. ಮೊಟ್ಟೆ ಇಡೋಕೆ ಜಾಗ ಸಿಗದೆ ಇದ್ದಾಗ ಕೋಳಿ ಹೊರಡಿಸೋ ದನಿ ಅದು. ನಮ್ಮ ಪೇಪರ್‌ನಲ್ಲಿ ಸರಿಯಾಗೇ ಬರೆದಿದೀವಿ” ಅಂದರು.

ಹೌದು, ಬರೆದಿದ್ದರು. ಅಷ್ಟೇ ಅಲ್ಲ. ಬಾಗಿಲಿಗೆ ಭಾರ ಹಾಕಿ ನೋಡಿದ ಪ್ರಯೋಗವೂ ಆ ಪೇಪರಿನಲ್ಲಿದೆ. ಹೊಟ್ಟೆ ಹಸಿದ ಕೋಳಿ ಕಾಳಿಗಾಗಿ ಎಷ್ಟು ಬಲ ಹಾಕಿ ಬಾಗಿಲು ತಳ್ಳುತ್ತೋ, ಮೊಟ್ಟೆ ಬಂದ ಕೋಳಿ ಗೂಡಿಗಾಗಿ ಅಷ್ಟೇ ಬಲ ಹಾಕಿ ಎದೆ ಕೊಟ್ಟು ತಳ್ಳಿತು. ಗೂಡು ಅದಕ್ಕೆ ಶೋಕಿ ಅಲ್ಲ, ಹಸಿವಿನಷ್ಟೇ ಗಟ್ಟಿ ಬೇಡಿಕೆ. ಎಲ್ಲ ಗೊತ್ತಿತ್ತು, ಎಲ್ಲ ಬರೆದಾಗಿತ್ತು, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತ್ರ ಕೋಳಿ ಕಣ್ಮುಚ್ಚಿ ಹಾಡುತ್ತಿತ್ತು. ಇಂಗ್ಲಿಷಿಗೊಂದು ನಿಜ, ಕನ್ನಡಕ್ಕೊಂದು ಸುಳ್ಳು. ಮೊಟ್ಟೆ ಕೊಳ್ಳುವ ನಾವೇನು ಕಿವಿಗೆ ಹೂವು ಇಟ್ಟುಕೊಂಡಿದ್ದೀವಾ?

“ಹಾಗಾದ್ರೆ ‘ಅಳು’ ಅಂತ ಬದಲಾಯಿಸ್ತೀನಿ ಸಾರ್” ಅಂದರು ವೇದಾ.

“ಕೋಳಿ ಅಳುತ್ತೆ ಅಂತ ಹೇಳೋಕಾಗಲ್ಲಮ್ಮ. ಅದು ವಿಜ್ಞಾನ ಅಲ್ಲ.”

“ಹಾಡುತ್ತೆ ಅನ್ನೋದು ವಿಜ್ಞಾನನಾ ಸಾರ್?”

ನಿರಂಜನ್ ತಗ್ಗಿದ ದನಿಯಲ್ಲಿ, ಕಂಪನಿ ದುಡ್ಡು ನಿಲ್ಲಿಸಿದರೆ ಶೆಡ್ಡು ಮುಚ್ಚುತ್ತೆ, ಇರುವವರ ಕೆಲಸ ಹೋಗುತ್ತೆ, ಅದರಲ್ಲಿ ಮೊದಲನೆಯದು ವೇದಾ ಅವರದ್ದೇ ಅಂದರು. ಕೆಟ್ಟ ಮನುಷ್ಯ ಅಲ್ಲ ಆತ. ಗೂಡಿನ ಅಳತೆಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು. ಆದರೆ ಒಳ್ಳೆಯವರು ಬಾಯಿ ಮುಚ್ಚಿಕೊಂಡು ಕೂತರೆ ಸುಳ್ಳು ಹೇಳುವವರಿಗೆ ಹಬ್ಬ.

ಕಂಪನಿಯ ಪ್ರಚಾರ ನೋಡಿಕೊಳ್ಳುವ ವಸಿಷ್ಠ ಅನ್ನುವವರಿಗೂ ವೇದಾ ಫೋನ್ ಮಾಡಿ ನೋಡಿದರು. ಆತ ನಕ್ಕರು. “ಮೇಡಂ, ಕೋಳಿನ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ?” ಅಂದರು. ಅಲ್ಲಪ್ಪಾ, ಕೋಳಿಯನ್ನು ಕೇಳೋದಕ್ಕೇ ಅಲ್ಲವಾ ಈಕೆಯನ್ನು ಸಂಬಳ ಕೊಟ್ಟು ಇಟ್ಟುಕೊಂಡಿರೋದು?

ಆ ಸಂಜೆ ಮನೆಯಲ್ಲಿ ತುಂಗಮ್ಮ ಸೊಸೆಯ ಮುಖ ನೋಡಿಯೇ ವಿಷಯ ಕೇಳಿದರು. ಎಲ್ಲ ಕೇಳಿಸಿಕೊಂಡು, “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಹೋಗಿದ್ದು ನಿನ್ನ ಬಾಯಿಂದ. ಇನ್ನೊಬ್ಬರು ತಂದ್ಕೊಡ್ತಾರೆ ಅಂತ ಕೂತಿದೀಯಲ್ಲ!” ಅಂದರು.

ಮುಂದಿನ ಭಾನುವಾರವೇ ಯಲಹಂಕದ ಒಂದು ಮಾಲ್‌ನಲ್ಲಿ ಕಂಪನಿಯ ಮಳಿಗೆ. ಮಕ್ಕಳಿಗೆ ಕೋಳಿ ಟೋಪಿ, ದೊಡ್ಡವರಿಗೆ ಬೇಯಿಸಿದ ಮೊಟ್ಟೆ, ಸಾಲಾಗಿ ನೇತುಹಾಕಿದ ಹೆಡ್‌ಫೋನು. ‘ಬನ್ನಿ, ಕೋಳಿಯ ಹಾಡು ಕೇಳಿ’ ಅಂತ ಬ್ಯಾನರು. ವೇದಿಕೆಯ ಮೇಲೆ ಒಂದು ಕುರ್ಚಿಯಲ್ಲಿ ಅತಿಥಿಯಾಗಿ ನಿರಂಜನ್. ವೇದಾ ಮತ್ತು ಮುನಿವೆಂಕಟಮ್ಮ ಜನರ ನಡುವೆ ನುಗ್ಗಿಕೊಂಡು ಮುಂದೆ ಹೋದರು. ಮುನಿವೆಂಕಟಮ್ಮ ಒಂದು ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡು ಕೇಳಿದರು. ಅದೇ ಎಡಗಡೆ ಸಾಲಿನ ಕೋಳಿಗಳ ದನಿ. ಹಿಂದೆ ಕೊಳಲಿನ ಸಂಗೀತ ಬೇರೆ ಸೇರಿಸಿದ್ದರು. ಪಕ್ಕದಲ್ಲಿ ಒಂದು ಮಗು ಆ ದನಿಗೆ ತಲೆಯಾಡಿಸಿ ಕುಣಿಯುತ್ತಿತ್ತು.

ಮುನಿವೆಂಕಟಮ್ಮ ಹೆಡ್‌ಫೋನ್ ಕಿತ್ತಿಟ್ಟು, ಮಳಿಗೆಯ ಮುಂದೆ ನೆಲದ ಮೇಲೆ ಕೂತೇಬಿಟ್ಟರು. “ಆಡು ಕೇಳ್ಬೇಕಾ ನಿಮ್ಗೆ? ಕೇಳಿ” ಅಂದವರೇ ದನಿ ತೆಗೆದರು.

“ಕೆರೆ ಏರಿ ಮ್ಯಾಲೆ ಕೈಯಿಡ್ದು ನಡ್ಸಿದೋಳೇ ನನ್ನಕ್ಕಾ... ನಿನ್ನ ತುತ್ತ ನನ್ನ ಬಾಯ್ಗಿಟ್ಟು ನೀರ್ ಕುಡ್ದು ಮಲಗ್ದೋಳೇ... ಬಾಗ್ಲಾಗೆ ನಿಂತ್ ಕರ್ಯೋರ್ ಯಾರೇ ನನ್ನ, ಯಾವ್ ದಾರೀಗ್ ಬಿಟ್ಟೋದ್ಯೇ ನನ್ನಕ್ಕಾ...”

ಆಮೇಲೆ ನಡೆದದ್ದನ್ನು ಬರೆಯೋಕೂ ನಾಚಿಕೆಯಾಗುತ್ತೆ. ವಸಿಷ್ಠ ಮೈಕ್ ಹಿಡಿದು ಓಡಿಬಂದು, “ವಾವ್! ನಮ್ಮ ಜಾನಪದ! ಸೂಪರ್ ಆಗಿ ಹಾಡಿದ್ರಿ ಅಮ್ಮ! ಒಂದು ಜೋರು ಚಪ್ಪಾಳೆ!” ಅಂದರು. ಜನ ಚಪ್ಪಾಳೆ ತಟ್ಟಿದರು. ಫೋನು ಎತ್ತಿ ಹಿಡಿದರು. ಕಣ್ಣೀರು ಸುರಿಸುತ್ತಾ ಕೂತ ಹೆಂಗಸಿನ ಮುಂದೆ ಒಬ್ಬಾತ, “ಒನ್ಸ್ ಮೋರ್” ಅಂದ.

ವರ್ಷಗಟ್ಟಲೆ ಇನ್ನೊಬ್ಬರ ಮಾತು ಕೇಳುತ್ತಾ ಕೂತಿದ್ದ ವೇದಾ ಆಗ ವಸಿಷ್ಠರ ಕೈಯಿಂದ ಮೈಕ್ ಕಿತ್ತುಕೊಂಡರು.

“ಚಪ್ಪಾಳೆ ನಿಲ್ಸಿ! ಅದು ಹಾಡಲ್ಲ. ಅವರಕ್ಕ ಸತ್ತಾಗ ಅವರು ಅತ್ತಿದ್ದು ಅದು. ಆ ಹೆಡ್‌ಫೋನ್‌ನಲ್ಲಿ ಕೋಳಿ ಮಾಡ್ತಿರೋದೂ ಹಾಡಲ್ಲ. ಮೊಟ್ಟೆ ಇಡೋಕೆ ಒಂದು ಮೂಲೆ ಸಿಗದೆ ಒದ್ದಾಡ್ತಿದೆ ಅದು. ಹಾಡು ಅಂತ ಹೆಸರಿಟ್ಟೋಳು ನಾನು. ನಂದು ತಪ್ಪು. ಇವರಿಗೆ ತಪ್ಪು ಅಂತ ಗೊತ್ತಿದೆ, ಗೊತ್ತಿದ್ದೂ ಮಾರ್ತಿದಾರೆ!”

ಕುಣಿಯುತ್ತಿದ್ದ ಮಗುವಿನ ತಾಯಿ ಹೆಡ್‌ಫೋನನ್ನು ಮಗುವಿನ ಕಿವಿಯಿಂದ ತೆಗೆದಳು. ವೇದಿಕೆ ಕಡೆ ತಿರುಗಿ, “ಡಾಕ್ಟ್ರೇ, ನೀವ್ ಹೇಳಿ. ಯಾವ್ದು ನಿಜ?” ಅಂತ ಕೇಳಿದಳು. ವೇದಾ ಮೈಕನ್ನು ನಿರಂಜನ್ ಮುಂದೆ ಹಿಡಿದರು. ಆತ ವಸಿಷ್ಠರ ಮುಖ ನೋಡಿದರು, ನೆಲದ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಮುನಿವೆಂಕಟಮ್ಮನನ್ನು ನೋಡಿದರು. ಆಮೇಲೆ, ಮೊದಲ ಸಲ ಜನರ ಮುಂದೆ ಅಚ್ಚ ಕನ್ನಡದಲ್ಲಿ, “ಅವರು ಹೇಳಿದ್ದೇ ನಿಜ. ಕೋಳಿಗೆ ಗೂಡು ಬೇಕು” ಅಂದರು.

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಕಂಪನಿ ಅಧ್ಯಯನಕ್ಕೆ ದುಡ್ಡು ನಿಲ್ಲಿಸಿದೆ. ಅಂಗಡಿಯಲ್ಲಿ ಉಳಿದಿರುವ ಡಬ್ಬಗಳಲ್ಲಿ ‘ಹಾಡುವ’ ಅನ್ನುವ ಪದದ ಮೇಲೆ ‘ತಾಜಾ’ ಅನ್ನುವ ಚೀಟಿ ಅಂಟಿಸಿದ್ದಾರೆ. ಬಲಗಡೆಯ ಗೂಡು ಬಿಚ್ಚೋಕೆ ನಿರಂಜನ್ ಬಿಡಲಿಲ್ಲ, ಶೆಡ್ಡು ನಡೆಸೋಕೆ ಬೇರೆ ಕಡೆ ಕೈಚಾಚಿ ಓಡಾಡುತ್ತಿದ್ದಾರೆ. ಹೊಸ ಫಾರಂನಲ್ಲಿ ಗೂಡು ಇಡುತ್ತೀವಿ ಅಂತ ಕಂಪನಿ ಹೇಳಿಲ್ಲ, ಇಡಲ್ಲ ಅನ್ನೋ ಧೈರ್ಯವೂ ಈಗ ಉಳಿದಿಲ್ಲ. ವೇದಾಗೆ ಈ ತಿಂಗಳ ಕೊನೆಯವರೆಗೆ ಕೆಲಸ, ಆಮೇಲೆ ಗೊತ್ತಿಲ್ಲ. ಮಾಲ್‌ನಲ್ಲಿ ನಡೆದದ್ದಕ್ಕೆ ಕ್ಷಮೆ ಕೇಳಿದರೆ ತಮ್ಮಲ್ಲೇ ಕೆಲಸ ಕೊಡುವುದಾಗಿ ವಸಿಷ್ಠ ಹೇಳಿಕಳಿಸಿದ್ದರು. “ಅವರಕ್ಕನ ಸಾವಿಗೆ ಚಪ್ಪಾಳೆ ತಟ್ಸಿದ್ದಕ್ಕೆ ಮೊದ್ಲು ನೀವು ಬಂದು ಮುನಿವೆಂಕಟಮ್ಮನ ಕಾಲು ಹಿಡೀರಿ ಅಂದೆ. ಫೋನ್ ಇಟ್ರು” ಅನ್ನುತ್ತಾರೆ.

ಶುರುವಿನಲ್ಲಿ ಕಂಡ ಬೆಳಗು ಮಾಲ್‌ ಗಲಾಟೆಗೂ ಮುಂಚಿನದು, ಈಗ ಟ್ಯಾಬಿನಲ್ಲಿ ಆ ದನಿಯ ಹೆಸರು ಬದಲಾಗಿದೆ. ಅಳು ಅಂತಲೂ ಇಲ್ಲ, ಹಾಡು ಅಂತಲೂ ಇಲ್ಲ. ಏನು ಬರೆಯೋಣ ಅಂತ ಈ ಸಲ ವೇದಾ, ಮುನಿವೆಂಕಟಮ್ಮ, ನಿರಂಜನ್ ಮೂವರೂ ಕೂತು ಮಾತಾಡಿದರು. ‘ಗೂಡು ಕೇಳುತ್ತಿದೆ’ ಅಂತ ಇಟ್ಟಿದ್ದಾರೆ. ಹಳೆಯ ರೆಕಾರ್ಡಿಂಗ್‌ಗಳನ್ನೆಲ್ಲ ವೇದಾ ಮತ್ತೆ ಮೊದಲಿಂದ ಕೇಳಿ, ಒಂದೊಂದನ್ನೂ ತಿದ್ದುತ್ತಿದ್ದಾರೆ. ಯಾರೂ ಹೇಳಿಲ್ಲ, ಇದಕ್ಕೆ ಸಂಬಳವೂ ಇಲ್ಲ.

ಇಷ್ಟೆಲ್ಲ ಆದಮೇಲೆ ನಿಮಗೆ ಏನು ಬೇಕು ಅಂತ ಕೇಳಿದರೆ ಅವರು ಬಲಗಡೆಯ ಸಾಲನ್ನು ತೋರಿಸುತ್ತಾರೆ. ಅಲ್ಲೊಂದು ಕೋಳಿ ಪರದೆ ಸರಿಸಿಕೊಂಡು ಒಳಗೆ ಹೋಗಿದೆ, ಒಂದು ಸೊಲ್ಲೂ ಇಲ್ಲ.

“ಗೂಡು ಸಿಕ್ಕಿದ ಕೋಳಿ ಬಾಯೇ ಬಿಡಲ್ಲ ನೋಡಿ. ಎಡಗಡೆನೂ ಹಿಂಗೇ ಆಗ್ಬೇಕು. ನನ್ನ ಕೆಲಸದಿಂದ ತೆಗೆಯೋದಾದ್ರೆ ಆವಾಗ ತೆಗೀಲಿ. ಇನ್ನು ಕೇಳೋಕೆ ಏನೂ ಉಳಿದಿಲ್ಲ ಹೋಗಮ್ಮ ಅಂತ ಹೇಳಿ ತೆಗೀಲಿ. ಕೇಳಿಸ್ಕೊಂಡಿದ್ದನ್ನ ಹೇಳ್ಬಿಟ್ಟೆ ಅಂತಲ್ಲ.”